ನೂರರಲ್ಲಿ ಮೂವತ್ತೊಂದು

ಫೆಬ್ರವರಿ ೪, ಮಂಗಳವಾರ

ಒಂದು ವಾರ ಬಾಯಿ ಬಿಡಬಾರದೆಂದು ಗಂಟಲಿನ ಡಾಕ್ಟರು ಅಪ್ಪಣೆ ಮಾಡಿದ್ದಾರೆ. ಬೆಳಗ್ಗೆ ಮಂಪರು ಕೊಟ್ಟು ಧ್ವನಿತಂತುವಿನ ಮೇಲಿದ್ದ ಗಂಟಿನಿಂದ ಒಂದು ಚೂರು ಕಿತ್ತುಕೊಂಡರು. ಪರೀಕ್ಷೆಗೆ ಹೋಗಿದೆ. ಪಿಸುಮಾತೂ ಕೂಡದಂತೆ. ಐವತ್ತೆರಡು ವರ್ಷದಲ್ಲಿ ಯಾರೂ ನನಗೆ ಇಂಥ ಶಿಕ್ಷೆ ಕೊಟ್ಟಿರಲಿಲ್ಲ. ಅದಕ್ಕೇ ಡ್ರೈವಿಂಗ್ ಶಾಲೆಯ ಖಾಲಿ ಹಾಜರಿ ಪುಸ್ತಕವೊಂದನ್ನು ಮನೆಗೆ ತಂದೆ. ಒಳಗಿರುವ ಮಾತು ಎಲ್ಲಿಗಾದರೂ ಹೋಗಬೇಕಲ್ಲ.

ಇಪ್ಪತ್ತಾರು ವರ್ಷದಿಂದ ಜನಕ್ಕೆ ಕಾರು ಕಲಿಸುತ್ತಿದ್ದೇನೆ. ಕಲಿಯುವವರ ಪಕ್ಕದ ಸೀಟು ನನ್ನದು. ಅಲ್ಲಿ ನನ್ನ ಕಾಲ ಬಳಿಯೇ ಇನ್ನೊಂದು ಬ್ರೇಕಿನ ಪೆಡಲು ಇದೆ, ನನ್ನ ಬಲಗಾಲು ಸದಾ ಅದರ ಮೇಲೆ. ಆದರೂ ನಿಜವಾದ ಬ್ರೇಕು ನನ್ನ ಗಂಟಲು. ನಾನು ಒಮ್ಮೆ ಕೂಗಿದರೆ ಹಿಂದಿನ ಮೂರು ಗಾಡಿಗಳೂ ನಿಲ್ಲುತ್ತವೆ ಎಂದು ಮಗಳು ಆಡಿಕೊಳ್ಳುತ್ತಾಳೆ. ಆ ಗಂಟಲು ಮೂರು ತಿಂಗಳಿಂದ ಕಟ್ಟಿದೆ. ನೆಗಡಿ ಅಂದುಕೊಂಡೆ, ಧೂಳು ಅಂದುಕೊಂಡೆ.

ಇವರು ಆಸ್ಪತ್ರೆಗೆ ಜೊತೆಯಲ್ಲೇ ಬಂದಿದ್ದರು. ಹೋಗುವಾಗಲೂ ಬರುವಾಗಲೂ ತುಟಿ ಎರಡು ಮಾಡಲಿಲ್ಲ. ಇವರು ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಬೆಳಗಿಂದ ಸಂಜೆವರೆಗೆ ಕಂಡವರ ಮಾತು ತಿದ್ದಿ ತಿದ್ದಿ, ಸ್ವಂತ ಮಾತಾಡುವುದನ್ನೇ ಮರೆತಿದ್ದಾರೆ. ಮದುವೆಯಾದಾಗಿನಿಂದ ಇಬ್ಬರ ಪಾಲಿನ ಮಾತನ್ನೂ ನಾನೇ ಆಡಿದ್ದೇನೆ. ಇವತ್ತು ಮನೆ ಎಷ್ಟು ಸದ್ದಿಲ್ಲದೆ ಇತ್ತೆಂದರೆ ಫ್ರಿಜ್ಜು ಗುರ್ ಎಂದಾಗ ಮೂವರೂ ಬೆಚ್ಚಿಬಿದ್ದೆವು.

ಹೆದರಿಕೆ ಗಿದರಿಕೆ ಏನಿಲ್ಲ. ಸುಮ್ಮನೆ ಬರೆದಿಡೋಣ ಅಂತ ಅಷ್ಟೆ.

ಫೆಬ್ರವರಿ ೧೧, ಮಂಗಳವಾರ

ಕ್ಯಾನ್ಸರ್.

ಈ ಪದ ಬರೆದು ಎಷ್ಟೋ ಹೊತ್ತಾಯಿತು. ಮುಂದಿನ ಸಾಲು ಬರೆಯಲು ಆಗಿರಲಿಲ್ಲ.

ಗಂಟಲಿನ ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು, ಸುತ್ತಿ ಬಳಸಿ ಮಾತಾಡುವವರಲ್ಲ. ಕಾಗದದ ಮೇಲೆ ನನ್ನ ಧ್ವನಿಪೆಟ್ಟಿಗೆಯ ಚಿತ್ರ ಬರೆದು ಒಂದು ಬದಿಗೆ ಪೂರ್ತಿ ಗೆರೆ ಎಳೆದರು. "ಈ ಕಡೆಯ ತಂತು ಅಲ್ಲಾಡ್ತಾನೇ ಇಲ್ಲ. ಎರಡು ದಾರಿ ಇವೆ. ಒಂದು, ಆಪರೇಷನ್ ಮಾಡಿ ಪೆಟ್ಟಿಗೆಯನ್ನೇ ತೆಗೆದುಬಿಡೋದು. ಆಮೇಲೆ ಕತ್ತಿನಲ್ಲಿರೋ ತೂತಿಂದ ಉಸಿರಾಡಬೇಕು. ಈಗಿರೋ ಧ್ವನಿ ಹೋಗುತ್ತೆ. ಇನ್ನೊಂದು, ಮೊದಲು ಎರಡು ಸುತ್ತು ಕೀಮೋ ಕೊಟ್ಟು ನೋಡೋದು. ಗಂಟು ಅರ್ಧಕ್ಕಿಂತ ಹೆಚ್ಚು ಕರಗಿದ್ರೆ, ಆಮೇಲೆ ವಿಕಿರಣ ಕೊಟ್ಟು ಧ್ವನಿ ಉಳಿಸಿಕೊಳ್ಳಬಹುದು."

"ಕರಗದೇ ಹೋದ್ರೆ?"

"ಆಗ ಆಪರೇಷನ್ನೇ. ಅಷ್ಟರಲ್ಲಿ ಒಂದೂವರೆ ತಿಂಗಳು ಕಳೆದಿರುತ್ತೆ, ಮೈ ಸೋತಿರುತ್ತೆ."

"ಆ ಒಂದೂವರೆ ತಿಂಗಳು ಅದು ಕೂತಲ್ಲೇ ಕೂತಿರುತ್ತಾ?"

"ಬಹಳ ಜನರಲ್ಲಿ ಕೂತಿರುತ್ತೆ. ಖಾತ್ರಿ ಕೊಡೋಕೆ ನನ್ನ ಕೈಲಾಗಲ್ಲ."

ಹೊರಗೆ ಕಾಯುವ ಜಾಗದಲ್ಲಿ ಕತ್ತಿಗೆ ಕರವಸ್ತ್ರ ಕಟ್ಟಿಕೊಂಡಿದ್ದ ಒಬ್ಬರು ಕೂತಿದ್ದರು. ನರ್ಸನ್ನು ಏನೋ ಕೇಳಬೇಕಾಗಿ ಬಂತು. ಕರವಸ್ತ್ರದ ಅಡಿಗೆ ಹೆಬ್ಬೆರಳು ತೂರಿಸಿ ಒತ್ತಿದರು. ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ, ಒಡೆದ, ಒರಟು ಸದ್ದು. "ನನ್ನ ಸರದಿ ಯಾವಾಗಮ್ಮ?"

ನಾನು ಎದ್ದು ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿ, ಎರಡೂ ಕೈಯಲ್ಲಿ ಕತ್ತು ಹಿಡಿದುಕೊಂಡು ನಿಂತೆ. ಯಾರೋ ಬಾಗಿಲು ಬಡಿಯುವವರೆಗೂ ಹಾಗೇ ನಿಂತಿದ್ದೆ.

ಫೆಬ್ರವರಿ ೧೩, ಗುರುವಾರ

ಇವತ್ತು ಸ್ಕ್ಯಾನ್ ಆಯಿತು. ಅದಕ್ಕೆ ಮೊದಲು ಡಾಕ್ಟರು ಒಂದು ಹೊಸ ವಿಷಯ ಹೇಳಿದರು. ಆಸ್ಪತ್ರೆಯಲ್ಲಿ ಒಂದು ಕಂಪ್ಯೂಟರನ್ನು ಪರೀಕ್ಷೆಗೆಂದು ಇಟ್ಟುಕೊಂಡಿದ್ದಾರಂತೆ. ಸಾವಿರಕ್ಕೂ ಹೆಚ್ಚು ಜನರ ಗಂಟಲಿನ ಸ್ಕ್ಯಾನು ತೋರಿಸಿ, ಯಾರಿಗೆ ಕೀಮೋ ಹಿಡಿಯಿತು, ಯಾರಿಗೆ ಹಿಡಿಯಲಿಲ್ಲ ಎಂದು ಅದಕ್ಕೆ ಪಾಠ ಮಾಡಿದ್ದಾರೆ. ಈಗ ಹೊಸಬರ ಸ್ಕ್ಯಾನು ನೋಡಿ, ಇವರಿಗೆ ಹಿಡಿಯುವ ಸಾಧ್ಯತೆ ನೂರಕ್ಕೆ ಇಷ್ಟು ಎಂದು ಅಂಕಿ ಕೊಡುತ್ತದೆ. ಮನುಷ್ಯರ ಕಣ್ಣಿಗೆ ಬೀಳದ ಕಲೆ, ಗೆರೆಗಳೂ ಅದಕ್ಕೆ ಕಾಣುತ್ತವಂತೆ.

"ಅದು ಹೇಳಿದ್ದೇ ವೇದವಾಕ್ಯ ಅಲ್ಲ," ಎಂದರು ಡಾಕ್ಟರು. "ಅಂಕಿ ಬೇಡ ಅಂದ್ರೆ ಬೇಡ ಅಂತ ಬರೀರಿ. ಹೇಳಲ್ಲ."

ಒಪ್ಪಿಗೆಯ ಫಾರಮನ್ನು ಇವರ ಕೈಗೆ ಕೊಟ್ಟೆ. ಓದಿ, ಜೇಬಿನಿಂದ ಕೆಂಪು ಪೆನ್ನು ತೆಗೆದು ಮೂರು ಕಾಗುಣಿತದ ತಪ್ಪು ತಿದ್ದಿ ವಾಪಸು ಕೊಟ್ಟರು. ನಾನೇ "ಬೇಕು" ಎಂಬಲ್ಲಿ ಗುರುತು ಹಾಕಿದೆ. ಯಾರಾದರೂ ಹೀಗೆ ಮಾಡು ಎಂದು ಗಟ್ಟಿಯಾಗಿ ಹೇಳಿದರೆ ಸಾಕಾಗಿತ್ತು. ಮನುಷ್ಯರು ಹೇಳುತ್ತಿಲ್ಲ, ಕಂಪ್ಯೂಟರಾದರೂ ಹೇಳಲಿ.

ಸ್ಕ್ಯಾನಿನ ಹಲಗೆ ತಣ್ಣಗಿತ್ತು. ಸೂಜಿಯಿಂದ ಔಷಧಿ ಒಳಗೆ ಹೋದಾಗ ಮೈಯೆಲ್ಲ ಬಿಸಿಯಾಯಿತು. "ಉಸಿರು ಹಿಡೀರಿ. ಉಗುಳು ನುಂಗಬೇಡಿ, ಅಲ್ಲಾಡಬೇಡಿ," ಎಂದು ಗಾಜಿನ ಆಚೆಯಿಂದ ಹೇಳಿದರು. ನುಂಗಬೇಡಿ ಎಂದ ಕೂಡಲೇ ಬಾಯಿ ತುಂಬ ಉಗುಳು. ತಲೆಯ ಸುತ್ತ ಯಂತ್ರದ ದೊಡ್ಡ ಬಳೆ ಸುತ್ತುತ್ತಿತ್ತು. ಭಯಕ್ಕೆ ಗಂಟಲು ತಾನಾಗಿ ಎದ್ದಿತು, ಇಳಿಯಿತು.

ನುಂಗಿಬಿಟ್ಟೆ. ಎರಡು ಸಲ.

"ಚೆನ್ನಾಗಿ ಬಂತು, ಏಳಿ," ಎಂದರು. ನಾನೂ ಸುಮ್ಮನೆ ಎದ್ದು ಬಂದೆ.

ಫೆಬ್ರವರಿ ೧೮, ಮಂಗಳವಾರ

ಮೂವತ್ತೊಂದು.

ನನ್ನ ಸ್ಕ್ಯಾನಿನಂಥ ಸ್ಕ್ಯಾನು ಇರುವ ನೂರು ಜನರಲ್ಲಿ ಮೂವತ್ತೊಂದು ಜನಕ್ಕೆ ಗಂಟು ಅರ್ಧಕ್ಕೆ ಕರಗಬಹುದು. ಉಳಿದ ಅರುವತ್ತೊಂಬತ್ತು ಜನಕ್ಕೆ ಇಲ್ಲ. ಡಾಕ್ಟರು ನಿಧಾನವಾಗಿ ಎರಡು ಸಲ ಹೇಳಿದರು, ಹಲ್ಲಿಲ್ಲದವರಿಗೆ ಬ್ರೆಡ್ಡು ನೆನೆಸಿಕೊಟ್ಟ ಹಾಗೆ. ಅದಕ್ಕೆ ಪಾಠ ಮಾಡಿದ ಸ್ಕ್ಯಾನುಗಳಲ್ಲಿ ಹೆಂಗಸರದ್ದು ಬಹಳ ಕಮ್ಮಿ, ಅದನ್ನೂ ನೆನಪಿಟ್ಟುಕೊಳ್ಳಿ ಎಂದರು. ನಾನು ನೆನಪಿಟ್ಟುಕೊಂಡಿದ್ದು ಮೂವತ್ತೊಂದನ್ನು ಮಾತ್ರ.

ಮಗಳು ಮೊಬೈಲಿನಲ್ಲಿ ಏನೇನೋ ಓದಿ ಕಣ್ಣು ಕೆಂಪು ಮಾಡಿಕೊಂಡು ಬಂದಳು. "ಅಮ್ಮ, ಮೆಷಿನ್ನೇ ಬೇಡ ಅಂತಿದೆ. ಆಪರೇಷನ್ ಮಾಡಿಸ್ಕೊಂಡುಬಿಡು. ನಂಗೆ ನಿನ್ನ ಧ್ವನಿ ಬೇಡ, ನೀನು ಬೇಕು."

"ನಂಗೆ ಎರಡೂ ಬೇಕು ಕಣೇ," ಎಂದೆ. ಕೋಪ ಮಾಡಿಕೊಂಡು ಎದ್ದು ಹೋದಳು.

ಇವರು ತಟ್ಟೆ ತೊಳೆಯುತ್ತಿದ್ದರು. ತೊಳೆದಿದ್ದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದರು.

ಫೆಬ್ರವರಿ ೧೯, ಬುಧವಾರ

ಎಲ್ಲಿ ನೋಡಿದರೂ ಅದೇ ಅಂಕಿ. ಈ ತಿಂಗಳಿಗೆ ಮೂವತ್ತೊಂದನೇ ತಾರೀಖು ಇಲ್ಲ ಎಂದು ಸಮಾಧಾನಪಟ್ಟುಕೊಂಡೆ. ಇಂಥದ್ದಕ್ಕೆಲ್ಲ ಸಮಾಧಾನ ಪಡುವ ಸ್ಥಿತಿಗೆ ಬಂದಿದ್ದೇನೆ.

ನುಂಗಿದ್ದನ್ನು ಯಾರಿಗೂ ಹೇಳಿಲ್ಲ. ಅದರಿಂದಲೇ ಅಂಕಿ ಕೆಟ್ಟಿತೇ? ಅಥವಾ ಹೇಳಿ ಮತ್ತೆ ತೆಗೆಸಿದರೆ ಇನ್ನೂ ಇಳಿದುಬಿಟ್ಟರೆ? ಈಗ ಮೂವತ್ತೊಂದಾದರೂ ಇದೆ.

ಫೆಬ್ರವರಿ ೨೦, ಗುರುವಾರ

ಮಾತಾಡಬಹುದು, ಕೂಗಬಾರದು ಎಂದು ಡಾಕ್ಟರು ಹೇಳಿದ್ದರಿಂದ ಇವತ್ತು ಒಂದೇ ಕ್ಲಾಸು ಇಟ್ಟುಕೊಂಡಿದ್ದೆ. ಕಲಿಯುವವರು ಹಲ್ಲಿನ ಡಾಕ್ಟರು, ನಲವತ್ತೈದು ದಾಟಿದ ಹೆಂಗಸು. ಇನ್ನೊಬ್ಬರ ಬಾಯಲ್ಲಿ ಇಕ್ಕಳ ಹಾಕಲು ಹೆದರುವುದಿಲ್ಲ, ಸ್ಟೇರಿಂಗು ಹಿಡಿದರೆ ಮಾತ್ರ ಅಂಗೈ ಬೆವರುತ್ತದೆ. ದೊಡ್ಡ ರಸ್ತೆಗೆ ತಿರುಗುವಲ್ಲಿ ಒಂದು ವ್ಯಾನು ಕೆಂಪು ದೀಪವನ್ನೂ ಲೆಕ್ಕಿಸದೆ ಅಡ್ಡ ನುಗ್ಗಿತು. ನಾನು ಬಾಯಿ ತೆರೆದೆ. ಬರೀ ಗಾಳಿ. ಪೆಡಲಿನ ಮೇಲಿದ್ದ ನನ್ನ ಕಾಲು ಕಲ್ಲಾಗಿತ್ತು, ಒತ್ತಲೇ ಇಲ್ಲ.

ಕಾರು ನಿಂತಿತು. ನಿಲ್ಲಿಸಿದ್ದು ಅವರು.

"ಟೀಚರ್, ನೀವು ಕೂಗ್ಲೇ ಇಲ್ಲ!" ಎಂದರು, ಮೆಚ್ಚುಗೆ ಎಂಬಂತೆ. "ನೀವು ಸುಮ್ನಿದ್ರಿ ನೋಡಿ, ಆವಾಗ್ಲೇ ನನಗೆ ನಾನೇ ನೋಡ್ಕೋಬೇಕು ಅನ್ನಿಸ್ತು."

ರಸ್ತೆಯ ಬದಿಗೆ ನಿಲ್ಲಿಸಿಕೊಂಡು ಅವರಿಗೆ ಎಲ್ಲ ಹೇಳಿಬಿಟ್ಟೆ. ಕ್ಯಾನ್ಸರು, ಮೂವತ್ತೊಂದು, ಎಲ್ಲ. ನುಂಗಿದ್ದನ್ನೂ ಹೇಳಿದೆ. ಅವರು ನನ್ನ ಕಡೆ ಪೂರ್ತಿ ತಿರುಗಿ ಕೂತರು.

"ನಾನು ಹಲ್ಲಿನ ಎಕ್ಸ್-ರೇ ತೆಗೆಯುವಾಗ ಯಾರಾದ್ರೂ ಅಲ್ಲಾಡಿದ್ರೆ ಎಸೆದು ಇನ್ನೊಂದು ತೆಗೀತೀನಿ. ಒಂದು ಹಲ್ಲಿಗೇ ಅಷ್ಟು ಮಾಡ್ತೀನಿ ಟೀಚರ್. ನೀವು ಧ್ವನಿಪೆಟ್ಟಿಗೆ ವಿಷಯದಲ್ಲಿ ನಾಚ್ಕೊಂಡು ಕೂತಿದ್ದೀರಾ?"

ಫೆಬ್ರವರಿ ೨೧, ಶುಕ್ರವಾರ

ಹೇಳಿದೆ. ಗಂಟಲಿನ ಡಾಕ್ಟರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪರದೆಯ ಮೇಲೆ ನನ್ನ ಕತ್ತನ್ನು ಬಿಲ್ಲೆ ಬಿಲ್ಲೆಯಾಗಿ ಸರಿಸುತ್ತಾ ಹೋದರು. ಒಂದು ಕಡೆ ನಿಂತರು.

"ಹೌದು, ಇಲ್ಲಿ ನಾಲ್ಕೈದು ಚಿತ್ರ ಮಸುಕಾಗಿವೆ. ನನ್ನ ಕಣ್ಣಿಗೆ ಇದು ಅಡ್ಡಿ ಆಗಿರ್ಲಿಲ್ಲ, ಗಂಟು ಎಲ್ಲಿದೆ ಅಂತ ಗೊತ್ತಾಗುತ್ತಲ್ಲ. ಮೆಷಿನ್ನು ಈ ಮಸುಕನ್ನ ಏನು ಅಂತ ಓದ್ತೋ ನಂಗೂ ಗೊತ್ತಿಲ್ಲ." ಪರದೆಯಿಂದ ನನ್ನ ಕಡೆ ತಿರುಗಿ, "ನಾನು ನೋಡಬೇಕಿತ್ತು," ಎಂದರು.

ಇನ್ನೊಮ್ಮೆ ಮಲಗಿದೆ. ಈ ಸಲ ಗಾಜಿನ ಆಚೆಯವರು ಒಳಗೆ ಬಂದು, ನುಂಗಬೇಕಾದದ್ದನ್ನೆಲ್ಲ ಈಗಲೇ ನುಂಗಿಬಿಡಿ ಎಂದು ನಗುತ್ತಾ ಹೇಳಿ, ನಾನು ನುಂಗುವವರೆಗೂ ಕಾದರು.

ಫೆಬ್ರವರಿ ೨೪, ಸೋಮವಾರ

ನಲವತ್ತೇಳು.

ಅದೇ ಗಂಟಲು, ಅದೇ ಗಂಟು, ಅದೇ ಮೆಷಿನ್ನು. ಎರಡು ಗುಟುಕು ಉಗುಳಿಗೆ ಹದಿನಾರು ಜನ ಆಚೆಯಿಂದ ಈಚೆಗೆ ಬಂದರು. ಖುಷಿಪಡಬೇಕಿತ್ತು. ಬೇರೊಂದು ಭಯ ಶುರುವಾಯಿತು. ಮೂವತ್ತೊಂದು ಎಂದಾಗ ಕೆಟ್ಟದ್ದಾದರೂ ಕಾಲಡಿ ಗಟ್ಟಿ ನೆಲವಿತ್ತು. ಈಗ ಅದೂ ಇಲ್ಲ.

"ನನ್ನ ಜಾಗದಲ್ಲಿ ನೀವಿದ್ರೆ?" ಎಂದು ಡಾಕ್ಟರನ್ನು ಕೇಳಿದೆ.

"ಗೊತ್ತಿಲ್ಲ," ಎಂದರು. "ಸುಳ್ಳು ಹೇಳಲ್ಲ, ನಿಜವಾಗ್ಲೂ ಗೊತ್ತಿಲ್ಲ. ಎರಡು ದಾರಿಲೂ ನಾನು ನಿಮ್ಮ ಜೊತೆ ಇರ್ತೀನಿ. ಅಷ್ಟು ಹೇಳಬಲ್ಲೆ."

ಮನೆಗೆ ಬಂದು ಮೂವರೂ ಅಡುಗೆಮನೆಯಲ್ಲಿ ಕೂತೆವು. ಮಗಳು ಆಪರೇಷನ್ನು ಎಂದಳು. ಕಾರಣ ಹೇಳಿದಳು, ಅತ್ತಳು, ಮತ್ತೆ ಕಾರಣ ಹೇಳಿದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಇವರ ಮುಖ ನೋಡಿದೆ.

"ಅವಳ ಗಂಟಲು ಅದು," ಎಂದರು ಇವರು ಮಗಳಿಗೆ. "ಅವಳೇ ಹೇಳ್ಲಿ. ಅವಳು ಹೇಳೋವರೆಗೂ ನಾವಿಬ್ರೂ ಸುಮ್ನಿರೋಣ."

ಸುಮ್ಮನಿದ್ದರು. ಇಷ್ಟು ಹೊತ್ತು ನನ್ನ ಮಾತಿಗಾಗಿ ಯಾರೂ ಕಾದಿದ್ದಿಲ್ಲ. ಕಾಯಲು ನಾನು ಬಿಟ್ಟಿದ್ದೂ ಇಲ್ಲ. ಕೊನೆಗೆ, "ಕೀಮೋ ತಗೊಂಡು ನೋಡ್ತೀನಿ," ಎಂದೆ. ಹೇಳಿದ್ದು ನಾನೇ ಎಂದು ನಂಬಲು ಒಂದು ಕ್ಷಣ ಬೇಕಾಯಿತು.

ಮಾರ್ಚ್ ೩, ಸೋಮವಾರ

ಹೋದ ಗುರುವಾರ ಮೊದಲ ಸುತ್ತು ಆಯಿತು. ಬಕೆಟ್ಟು ಪಕ್ಕದಲ್ಲೇ ಇದೆ. ಬರೆಯಲಾರೆ.

ಮಾರ್ಚ್ ೯, ಭಾನುವಾರ

ಬಾಯೊಳಗೆಲ್ಲ ಹುಣ್ಣು. ನೀರು ಕುಡಿದರೂ ಉರಿ, ಮಾತಂತೂ ಆಗದು. ಬಾಚಣಿಗೆಯಲ್ಲಿ ಕೂದಲು ಬಂದಿತ್ತು, ಮಗಳು ನೋಡದ ಹಾಗೆ ಕಾಗದದಲ್ಲಿ ಸುತ್ತಿ ಬಿಸಾಡಿದೆ.

ಇವರು ಕರಡು ತಿದ್ದುವ ಕೆಲಸವನ್ನು ಮನೆಗೇ ತಂದುಕೊಂಡಿದ್ದಾರೆ. ನನಗೆ ಹೊತ್ತು ಹೋಗಲಿ ಎಂದು ಮಂಚದ ಪಕ್ಕ ಕೂತು ಗಟ್ಟಿಯಾಗಿ ಓದುತ್ತಾರೆ. ಈ ವಾರ ಶಾಲೆಯ ವಿಜ್ಞಾನ ಪುಸ್ತಕ, ಎರೆಹುಳುವಿನ ಅಧ್ಯಾಯ. "ಎರೆಹುಳುವಿಗೆ ಕಿವಿ ಇಲ್ಲ, ಧ್ವನಿ ಇಲ್ಲ," ಎಂದು ಓದಿ, ತಕ್ಷಣ ನಿಲ್ಲಿಸಿ ನನ್ನ ಕಡೆ ನೋಡಿದರು, ಮುಖ ಬಿಳಿಚಿಕೊಂಡಿತು. ನನಗೆ ನಗು ಬಂತು. ಹುಣ್ಣಿನ ಬಾಯಲ್ಲಿ ನಗುವುದೆಂದರೆ ಯಮಯಾತನೆ. ಇವರೂ ನಕ್ಕರು. ಇವರ ಕಂಠ ಅಷ್ಟು ತುಂಬಿದ್ದು ಎಂದು ಗೊತ್ತಿರಲಿಲ್ಲ.

ಗಂಟು ಕರಗುತ್ತಿದೆಯೋ ಎಂದು ದಿನಕ್ಕೆ ನೂರು ಸಲ ಕತ್ತು ಮುಟ್ಟಿ ನೋಡಿಕೊಳ್ಳುತ್ತೇನೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದರೂ ಬೆರಳು ಬಿಡುವುದಿಲ್ಲ.

ಮಾರ್ಚ್ ೨೮, ಶುಕ್ರವಾರ

ಎರಡನೇ ಸುತ್ತು ಮುಗಿದು ಎಂಟು ದಿನ. ಇವತ್ತು ರಕ್ತಪರೀಕ್ಷೆಗೆ ಹೋದಾಗ ಕರವಸ್ತ್ರದವರು ಪಕ್ಕದ ಕುರ್ಚಿಯಲ್ಲೇ ಬಂದು ಕೂತರು. ಎದ್ದು ಓಡಲು ಕಾಲಲ್ಲಿ ಶಕ್ತಿ ಇರಲಿಲ್ಲ.

ಅವರದು ಕ್ಷೌರದಂಗಡಿಯಂತೆ. ಹೆಬ್ಬೆರಳು ಒತ್ತಿ, "ಮೊದಲು ಕತ್ತರಿಗಿಂತ ಜಾಸ್ತಿ ನಾಲಿಗೆ ಆಡ್ತಿತ್ತು," ಎಂದರು. "ಈಗ ಮಾತಾಡಬೇಕಂದ್ರೆ ಒಂದು ಕೈ ಬೇಕು. ಗಿರಾಕಿ ತಲೆ ಮೇಲೆ ಎರಡು ಕೈ ಇದ್ದಾಗ ನಾನು ಕೇಳೋನು, ಅವರು ಹೇಳೋರು. ಹತ್ತು ವರ್ಷದಿಂದ ಬರ್ತಿದ್ದೋನ ಹೆಂಡ್ತಿ ಸತ್ತು ಮೂರು ವರ್ಷ ಆಗಿತ್ತು ಅಂತ ನಂಗೆ ಈಗ ಗೊತ್ತಾಯ್ತು ನೋಡಿ."

ನಿಮಗೂ ಕಂಪ್ಯೂಟರು ಅಂಕಿ ಕೊಟ್ಟಿತ್ತೇ ಎಂದು ಕೇಳಿದೆ.

"ಆಗ ಅದೆಲ್ಲ ಇರ್ಲಿಲ್ಲ ತಾಯಿ. ಹೆದರಿಕೆ ಮಾತ್ರ ಇಷ್ಟೇ ಇತ್ತು."

ಅವರ ಕರವಸ್ತ್ರಕ್ಕೆ ಇಸ್ತ್ರಿ ಮಾಡಿದ್ದರು. ಅಂಚಿನಲ್ಲಿ ಸಣ್ಣ ನೀಲಿ ಹೊಲಿಗೆ. ಹೋದ ಸಲ ಇದೆಲ್ಲ ಕಂಡಿರಲಿಲ್ಲ.

ಏಪ್ರಿಲ್ ೧೦, ಗುರುವಾರ

ಕರಗಿಲ್ಲ.

ಕರಗೇ ಇಲ್ಲವೆಂದಲ್ಲ, ಕರಗಿದ್ದು ಐದರಲ್ಲಿ ಒಂದು ಪಾಲು. ಅರ್ಧ ಬೇಕಿತ್ತು. ಡಾಕ್ಟರು ಈ ಸಲ ಚಿತ್ರ ಬರೆಯಲಿಲ್ಲ. ತಮ್ಮ ಕುರ್ಚಿಯನ್ನು ಮೇಜಿನ ಈಚೆ ತಂದು ನನ್ನ ಎದುರು ಕೂತು ಹೇಳಿದರು. ಬೇರೆ ಎಲ್ಲಿಗೂ ಹರಡಿದ ಹಾಗೆ ಕಾಣುತ್ತಿಲ್ಲವಂತೆ. ಇಪ್ಪತ್ತೆರಡಕ್ಕೆ ಆಪರೇಷನ್.

"ಆ ಮೊದಲ್ನೇ ಅಂಕಿಯೇ ಸರಿ ಇತ್ತಾ ಹಾಗಾದ್ರೆ?"

"ಮೂವತ್ತೊಂದೂ ಸರಿ ಇರಬಹುದು, ನಲವತ್ತೇಳೂ ಸರಿ ಇರಬಹುದು. ಎರಡರಲ್ಲೂ ಆಗದೇ ಇರೋರೇ ಹೆಚ್ಚು. ನೀವು ಅವರಲ್ಲಿ ಒಬ್ಬರಾದ್ರಿ." ನನ್ನ ಮೊಣಕೈ ಹಿಡಿದುಕೊಂಡರು. "ನೀವು ತಪ್ಪು ಮಾಡ್ಲಿಲ್ಲ."

ಮಗಳು "ನಾನು ಮೊದಲೇ ಹೇಳಿದ್ದೆ" ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. ಬಸ್ಸಿನಲ್ಲಿ ಬರುವಾಗ ನನ್ನ ಭುಜಕ್ಕೆ ತಲೆ ಆನಿಸಿ ಮಲಗಿದಳು, ಚಿಕ್ಕವಳಿದ್ದಾಗಿನ ಹಾಗೆ ಬಾಯಿ ತೆರೆದುಕೊಂಡು.

ಏಪ್ರಿಲ್ ೧೫, ಮಂಗಳವಾರ

ಮಗಳು ಮೊಬೈಲು ಮುಂದಿಟ್ಟು, "ಏನಾದ್ರೂ ಮಾತಾಡಮ್ಮ, ರೆಕಾರ್ಡ್ ಮಾಡ್ಕೋತೀನಿ," ಎಂದಳು. ಬಾಯಿ ತೆರೆದೆ. ಇಷ್ಟು ವರ್ಷ ವಟವಟ ಎಂದವಳಿಗೆ ಒಂದು ಮಾತೂ ಹೊಳೆಯಲಿಲ್ಲ. ಕೊನೆಗೆ "ಎಡಗಡೆ ಕನ್ನಡಿ ನೋಡು, ಇಂಡಿಕೇಟರ್ ಹಾಕು, ಆಮೇಲೆ ತಿರುಗು," ಎಂದೆ. ಅವಳು ಅಳುತ್ತಲೇ ನಕ್ಕಳು. ಹಾಗೇ ಇಟ್ಟುಕೊಂಡಿದ್ದಾಳೆ.

ಸಂಜೆ ಇವರು ತಮ್ಮ ತಂದೆಯ ವಿಷಯ ಹೇಳಿದರು. ಕೊನೆಯ ದಿನಗಳಲ್ಲಿ ಅವರಿಗೂ ಮಾತು ನಿಂತಿತ್ತಂತೆ. ಆಗ ಇವರಿಗೆ ಹನ್ನೆರಡು ವರ್ಷ. ತಾವು ಮಾತಾಡಿದರೆ ಅಪ್ಪನಿಗೆ ನೋವಾಗುತ್ತದೆ ಎಂದು ತಾವೂ ನಿಲ್ಲಿಸಿದರಂತೆ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದ್ದೇನೆ, ಇದನ್ನು ಕೇಳಿದ್ದು ಇವತ್ತು. ಯಾಕೆ ಇಷ್ಟು ದಿನ ಹೇಳಲಿಲ್ಲ ಎಂದರೆ, "ನೀನು ಮಾತಾಡ್ತಾ ಇದ್ಯಲ್ಲ," ಎಂದರು. ದೂರಿನ ಹಾಗೆ ಅಲ್ಲ, ಸುಮ್ಮನೆ.

ಏಪ್ರಿಲ್ ೨೧, ಸೋಮವಾರ

ಮಧ್ಯಾಹ್ನ ವಾರ್ಡಿಗೆ ಸೇರಿಸಿಕೊಂಡರು. ಕಿಟಕಿಯ ಪಕ್ಕದ ಹಾಸಿಗೆ. ನರ್ಸು ಬಂದು ಕತ್ತಿನ ಮೇಲೆ ನೀಲಿ ಶಾಯಿಯಿಂದ ಗುರುತು ಹಾಕಿ ಹೋದಳು. ಕನ್ನಡಿ ನೋಡಿಕೊಳ್ಳಲಿಲ್ಲ.

ಭಯವಾಗುತ್ತಿದೆ. ಮೊದಲ ದಿನ ಹೆದರಿಕೆ ಏನಿಲ್ಲ ಎಂದು ಬರೆದಿದ್ದೆ. ಅದು ಸುಳ್ಳು. ಆವತ್ತೂ ಇತ್ತು. ತೂತಿನೊಳಗೆ ನೀರು ಹೋದರೆ? ಬೆಳಗ್ಗೆ ಎಚ್ಚರವೇ ಆಗದಿದ್ದರೆ? ಎಚ್ಚರವಾಗಿ ಕೂಗಲು ಹೋದರೆ? ಬೆಡ್ಡಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡು ಬರೆಯುತ್ತಿದ್ದೇನೆ. ಮಗಳ ಹೆಸರನ್ನು, ಇವರ ಹೆಸರನ್ನು, ಹೊದಿಕೆಯೊಳಗೆ ಮುಖ ಇಟ್ಟು ನಾಲ್ಕು ಸಲ ಹೇಳಿದೆ. ಇವರ ಹೆಸರು ಹಿಡಿದು ಕರೆದಿದ್ದು ಇದೇ ಮೊದಲು.

ಮೇ ೨, ಶುಕ್ರವಾರ

ಇದ್ದೇನೆ.

ಕತ್ತರಿಸಿದ ಜಾಗದ ಅಂಚುಗಳಲ್ಲಿ ರೋಗ ಏನೂ ಉಳಿದಿಲ್ಲವಂತೆ, ಕತ್ತಿನ ಗ್ರಂಥಿಗಳಿಗೂ ಹರಡಿರಲಿಲ್ಲವಂತೆ. ಡಾಕ್ಟರು ಹೇಳುವಾಗ ಅವರ ಸ್ವರವೇ ಸಣ್ಣಗೆ ಒಡೆಯಿತು.

ಎಚ್ಚರವಾದಾಗ ನಿಜಕ್ಕೂ ಕೂಗಲು ಹೋಗಿದ್ದೆ. ಏನೂ ಬರಲಿಲ್ಲ, ಕತ್ತಿನಿಂದ ಗಾಳಿ ಸುಯ್ ಎಂದಿತು. ಆ ಕ್ಷಣವನ್ನು ಬರೆಯುವುದಿಲ್ಲ.

ಮೇ ೨೩, ಶುಕ್ರವಾರ

ಹೆಬ್ಬೆರಳಿನಿಂದ ತೂತು ಮುಚ್ಚಿ ಉಸಿರು ದಬ್ಬಿದರೆ ಒಳಗಿಟ್ಟಿರುವ ಪುಟ್ಟ ಕವಾಟದಿಂದ ಗಾಳಿ ಗಂಟಲಿಗೆ ಏರಿ ಸದ್ದಾಗುತ್ತದೆ. ಮಾತು ಕಲಿಸುವವರು ಎರಡು ವಾರದಿಂದ ಬೆನ್ನು ಹತ್ತಿದ್ದಾರೆ. ಇವತ್ತು "ಆ" ಬಂತು. ಆಮೇಲೆ "ಅಮ್ಮ". ನನ್ನದಲ್ಲದ, ತಗಡಿನ ಸದ್ದು. ಇವರು ಬಾಗಿಲ ಬಳಿ ನಿಂತು ಕೇಳುತ್ತಿದ್ದರು. ನಾಚಿಕೆಯಾಗಿ ಬೆರಳು ತೆಗೆದುಬಿಟ್ಟೆ.

"ಇನ್ನೊಂದ್ಸಲ ಅನ್ನು," ಎಂದರು.

ಹಲ್ಲಿನ ಡಾಕ್ಟರು ಲೈಸೆನ್ಸು ತೋರಿಸಲು ಬಂದಿದ್ದರು, ಒಬ್ಬರೇ ಕಾರು ಓಡಿಸಿಕೊಂಡು. ನಮ್ಮ ಗೇಟಿನ ಹೂವಿನ ಕುಂಡಕ್ಕೆ ಗುದ್ದಿದ್ದಾರೆ. ಪರವಾಗಿಲ್ಲ.

ಜುಲೈ ೧೭, ಗುರುವಾರ

ವಾರಕ್ಕೆ ಮೂರು ಕ್ಲಾಸು ಶುರು ಮಾಡಿ ಹದಿನೈದು ದಿನವಾಯಿತು. ಡ್ಯಾಶ್‌ಬೋರ್ಡಿಗೆ ಒಂದು ಸಲ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸು. ಈ ಸಲದವರು ಅಷ್ಟೇನೂ ಗೊಂದಲ ಮಾಡಿಕೊಳ್ಳುವುದಿಲ್ಲ, ಒಳ್ಳೆಯ ತಂಡ ಸಿಕ್ಕಿದೆ ಅನ್ನಿಸುತ್ತದೆ. ನನ್ನ ಕಡೆಯ ಬ್ರೇಕಿನ ಪೆಡಲಿನ ಮೇಲೆ ಧೂಳು ಕೂತಿತ್ತು. ನಾಳೆ ಒರೆಸಬೇಕು.

ಸ್ನಾನದ ಮನೆಗೆ ಹೋಗುವಾಗ ಈಗಲೂ ಭಯ. ಕೆಮ್ಮು ಬಂದರೆ ಭಯ. ಮುಂದಿನ ತಿಂಗಳ ಸ್ಕ್ಯಾನು ನೆನೆದರೂ ಭಯ.

ಆಗಸ್ಟ್ ೧೯, ಮಂಗಳವಾರ

ಸ್ಕ್ಯಾನಿನಲ್ಲಿ ಏನೂ ಇಲ್ಲ. ಸದ್ಯಕ್ಕೆ ಏನೂ ಇಲ್ಲ ಎಂದರು. "ಸದ್ಯಕ್ಕೆ" ಎಂಬುದನ್ನು ನಾನೂ ಕೇಳಿಸಿಕೊಂಡೆ, ಇವರೂ ಕೇಳಿಸಿಕೊಂಡರು.

ಆಮೇಲೆ ಡಾಕ್ಟರು ಒಂದು ಕಾಗದ ಮುಂದಿಟ್ಟರು. ಆ ಕಂಪ್ಯೂಟರಿಗೆ ಹೆಂಗಸರ ಸ್ಕ್ಯಾನು ಸಾಲದು, ನನ್ನದನ್ನೂ ಅದರ ಪಾಠಕ್ಕೆ ಸೇರಿಸಬಹುದೇ ಎಂದು ಒಪ್ಪಿಗೆ ಕೇಳಿದರು. ಹೆಸರು ಇರುವುದಿಲ್ಲ. ಪರದೆಯ ಮೇಲೆ ನನ್ನ ಸಾಲು ತೋರಿಸಿದರು. ಹೆಣ್ಣು. ಐವತ್ತೆರಡು. ಮೊದಲ ಅಂದಾಜು ಮೂವತ್ತೊಂದು, ಎರಡನೆಯದು ನಲವತ್ತೇಳು. ಔಷಧಿಗೆ ಸ್ಪಂದನ: ಇಲ್ಲ.

ಇಲ್ಲ. ಅಲ್ಲಿಗೆ ಸಾಲು ಮುಗಿದಿತ್ತು.

ಪೆನ್ನು ಹಿಡಿದು ಕೂತೆ. ಇನ್ನು ಮುಂದೆ ಯಾವಳೋ ಒಬ್ಬಳು ಆ ತಣ್ಣನೆಯ ಹಲಗೆಯ ಮೇಲೆ ಮಲಗುತ್ತಾಳೆ. ಅವಳ ಅಂಕಿಯಲ್ಲಿ ನಾನೂ ಇರುತ್ತೇನೆ, "ಇಲ್ಲ" ಎಂದವರ ಸಾಲಿನಲ್ಲಿ. ನನ್ನಿಂದಾಗಿ ಅವಳ ಅಂಕಿ ಕೂದಲ ಎಳೆಯಷ್ಟಾದರೂ ಇಳಿಯುತ್ತದೆ. ಅದನ್ನು ಕೇಳಿ ಅವಳು ಶೌಚಾಲಯದಲ್ಲಿ ನಲ್ಲಿ ತಿರುಗಿಸಿಕೊಂಡು ನಿಲ್ಲುತ್ತಾಳೆ. ಗುರುತಿಲ್ಲದ ಆ ಹೆಂಗಸಿಗಾಗಿ ಪೆನ್ನು ಕೆಳಗಿಟ್ಟೆ.

ಹೆಬ್ಬೆರಳು ಒತ್ತಿ ಕೇಳಿದೆ. "ಇಲ್ಲ ಅಂದ ಮೇಲೆ ಏನಾಯ್ತು ಅಂತ ಬರೆಯೋಕೆ ಜಾಗ ಇಲ್ವಾ?"

ಡಾಕ್ಟರು ಪರದೆಯನ್ನು ಪಕ್ಕಕ್ಕೆ ಸರಿಸುತ್ತಾ ಹೋದರು. ಎಲ್ಲಕ್ಕಿಂತ ಕೊನೆಗೆ "ಷರಾ" ಎಂದು ಒಂದು ಖಾಲಿ ಮನೆ ಇತ್ತು. ಇದುವರೆಗೆ ಯಾರೂ ತುಂಬಿಸಿರಲಿಲ್ಲ.

ನಾನು ಹೇಳಿದೆ, ಉಸಿರಿಗಾಗಿ ಅಲ್ಲಲ್ಲಿ ನಿಲ್ಲಿಸಿ. ಅವರು ಒತ್ತುತ್ತಾ ಹೋದರು. "ಧ್ವನಿಪೆಟ್ಟಿಗೆ ತೆಗೆಯಲಾಗಿದೆ. ಬದುಕಿದ್ದಾಳೆ. ಕೆಲಸಕ್ಕೆ ಹೋಗುತ್ತಾಳೆ. ಈ ದಿನ ಆಸ್ಪತ್ರೆಗೆ ತಾನೇ ಕಾರು ಓಡಿಸಿಕೊಂಡು ಬಂದಿದ್ದಾಳೆ. ಬಹಳ ಹೆದರಿದ್ದಳು, ಈಗಲೂ ಹೆದರುತ್ತಾಳೆ."

"ಮೆಷಿನ್ನು ಈ ಕಾಲಂ ಓದಲ್ಲ," ಎಂದರು ಡಾಕ್ಟರು ಮೆಲ್ಲಗೆ.

"ಅದು ಓದೋದು ಬೇಡ. ಅವಳು ಬಂದಾಗ ನೀವು ಓದಿ ಹೇಳಿ."

ಹ್ಞೂಂ ಎಂದರು. ಸಹಿ ಹಾಕಿದೆ.

ವಾಪಸು ಬರುವಾಗ ಎರಡೂ ಕೈ ಸ್ಟೇರಿಂಗಿನ ಮೇಲಿದ್ದುದರಿಂದ ನಾನು ಮಾತಾಡುವ ಹಾಗಿರಲಿಲ್ಲ. ಇವರು ಮುದ್ರಣಾಲಯದಲ್ಲಿ ಯಾರೋ ಇಡೀ ಪುಸ್ತಕವನ್ನು ತಲೆಕೆಳಗಾಗಿ ಹೊಲಿದ ಕಥೆ ಶುರು ಮಾಡಿದರು. ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಮನೆಯ ಗೇಟು ಬಂದರೂ ಮುಗಿದಿರಲಿಲ್ಲ. ಎಂಜಿನ್ನು ನಿಲ್ಲಿಸಿ, ಕಥೆ ಮುಗಿಯುವವರೆಗೆ ಕಾರಿನಲ್ಲೇ ಕೂತಿದ್ದೆ.